ಆಮದು ಸುಂಕ, ಸರ್ಕಾರದ ಸಾಲ ಮತ್ತು ಬೆಳೆಗಳ ಬೆಲೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ರೈತರಿಗೆ ಮಾಹಿತಿ

ಪೀಠಿಕೆ

ರೈತನು ಬೆಳೆಗೆ ಪಡೆಯುವ ಬೆಲೆಯು ಇಳುವರಿ, ಗುಣಮಟ್ಟ ಹಾಗೂ ಮಾರುಕಟ್ಟೆಯ ಆವಕದ ಮೇಲೆ ಮಾತ್ರ ನಿರ್ಧಾರವಾಗುವುದಿಲ್ಲ. ವಿದೇಶದಿಂದ ಬರುವ ಸರಕಿನ ಮೇಲೆ ವಿಧಿಸುವ ಸುಂಕ ಹಾಗೂ ಸರ್ಕಾರಗಳು ಪಡೆಯುವ ಸಾಲ ಇವೆರಡೂ ಬೆಲೆ, ಕೂಲಿ ಮತ್ತು ಬಡ್ಡಿಯ ಮೇಲೆ ಪರಿಣಾಮ ಬೀರುತ್ತವೆ. ಈ ನಾಲ್ಕು ತಾಲ್ಲೂಕುಗಳ ಪ್ರಮುಖ ಬೆಳೆಗಳಾದ ಕಬ್ಬು, ತೆಂಗು, ರೇಷ್ಮೆ ಹಾಗೂ ರಾಗಿಗೆ ಈ ಪರಿಣಾಮ ಹೇಗೆ ತಲುಪುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಮಂಡ್ಯ ಜಿಲ್ಲೆಯ ಕಬ್ಬಿನ ಕೃಷಿಯು ಎರಡು ಸರ್ಕಾರಿ ನಿರ್ಧಾರಗಳ ಫಲವಾಗಿದೆ. ಮೊದಲನೆಯದು, ಮೈಸೂರು ಸಂಸ್ಥಾನವು ಕನ್ನಂಬಾಡಿಯಲ್ಲಿ ಕಟ್ಟಿದ ಕೃಷ್ಣರಾಜಸಾಗರ ಮತ್ತು ಮೊದಲು ಇರ್ವಿನ್ ನಾಲೆ ಎಂಬ ಹೆಸರಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ. ಎರಡನೆಯದು, 1932ರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯ್ದೆ. ಆಮದಾಗುತ್ತಿದ್ದ ಸಕ್ಕರೆಯ ಮೇಲೆ ಈ ಕಾಯ್ದೆಯು ರಕ್ಷಣಾ ಸುಂಕ ವಿಧಿಸಿತು. ಆಗ ದೇಶದಲ್ಲಿ ಸುಮಾರು 30 ಇದ್ದ ಸಕ್ಕರೆ ಕಾರ್ಖಾನೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ 130ನ್ನು ದಾಟಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನಾಲೆಯ ನೀರಿಗೆ ಸುಂಕದ ರಕ್ಷಣೆಯೂ ಸೇರಿದ್ದರಿಂದ ಕಬ್ಬು ಈ ಭಾಗದ ಮುಖ್ಯ ವಾಣಿಜ್ಯ ಬೆಳೆಯಾಯಿತು.

ಆಮದು ಸುಂಕ ಕೆಲಸ ಮಾಡುವ ಬಗೆ

ಬಂದರಿಗೆ 100 ರೂ.ಗೆ ಬಂದಿಳಿಯುವ ಕಚ್ಚಾ ಖಾದ್ಯ ತೈಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಪರಿಣಾಮಕಾರಿ ಸುಂಕ ಶೇ. 5.5 ಇದ್ದಾಗ ವ್ಯಾಪಾರಿಗೆ ಅದರ ವೆಚ್ಚ 105.50 ರೂ. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ ಹಾಗೂ ಸೂರ್ಯಕಾಂತಿ ಎಣ್ಣೆಗಳ ಪರಿಣಾಮಕಾರಿ ಸುಂಕವನ್ನು ಶೇ. 27.5ಕ್ಕೆ ಏರಿಸಲಾಯಿತು, ಅದೇ ಎಣ್ಣೆಯ ವೆಚ್ಚ 127.50 ರೂ. ಆಯಿತು. 2025ರ ಮೇ ಅಂತ್ಯದಲ್ಲಿ ಸುಂಕವನ್ನು ಶೇ. 16.5ಕ್ಕೆ ಇಳಿಸಿದಾಗ ವೆಚ್ಚ 116.50 ರೂ.ಗೆ ಇಳಿಯಿತು. ಹೀಗೆ ಸುಂಕ ಏರಿದಾಗ ದೇಶೀಯ ಬೆಳೆಗಾರನಿಗೆ ಬೆಲೆಯ ಆಸರೆ ದೊರೆಯುತ್ತದೆ, ಆದರೆ ಅಡುಗೆ ಎಣ್ಣೆ ಕೊಳ್ಳುವ ಪ್ರತಿ ಕುಟುಂಬವೂ ಹೆಚ್ಚು ತೆರಬೇಕಾಗುತ್ತದೆ. ಕೂಲಿಕಾರರ ಮನೆಯ ಖರ್ಚು ಹೆಚ್ಚಿದಾಗ ಮುಂದಿನ ಹಂಗಾಮಿನಲ್ಲಿ ಕೂಲಿ ದರವೂ ಏರುವುದು ಸಹಜ.

ತೆಂಗು ಮತ್ತು ಕೊಬ್ಬರಿ

ಕೆ.ಆರ್. ಪೇಟೆ ಹಾಗೂ ನಾಗಮಂಗಲದ ತೆಂಗು ಬೆಳೆಗಾರರಿಗೆ ತಾಳೆ ಎಣ್ಣೆಯ ಸುಂಕವು ಪರೋಕ್ಷವಾಗಿ ಸಂಬಂಧಿಸಿದೆ. ಅಗ್ಗದ ತಾಳೆ ಎಣ್ಣೆ ಹೇರಳವಾಗಿ ದೊರೆತಾಗ ಕೊಬ್ಬರಿ ಎಣ್ಣೆಯ ಬೇಡಿಕೆ ಕುಗ್ಗುತ್ತದೆ. 2023ರಲ್ಲಿ ಕಚ್ಚಾ ತೈಲದ ಸುಂಕ ಕಡಿಮೆಯಿದ್ದ ಅವಧಿಯಲ್ಲಿ ಉಂಡೆ ಕೊಬ್ಬರಿಯ ಮಾರುಕಟ್ಟೆ ಬೆಲೆ 11,750 ರೂ.ಗಳ ಬೆಂಬಲ ಬೆಲೆಗಿಂತ ಬಹಳ ಕೆಳಗಿತ್ತು. 2025ರಲ್ಲಿ ಕಾಯಿಯ ಕೊರತೆಯಿಂದ ಬೆಲೆಯು ಆ ವರ್ಷದ 12,100 ರೂ.ಗಳ ಬೆಂಬಲ ಬೆಲೆಗಿಂತ ಬಹಳ ಮೇಲೇರಿತು. ಆದ್ದರಿಂದ ಸುಂಕವು ಬೆಲೆಯನ್ನು ನಿರ್ಧರಿಸುವ ಹಲವು ಅಂಶಗಳಲ್ಲಿ ಒಂದು ಮಾತ್ರ. ಇಳುವರಿಯ ಏರುಪೇರು ಅದಕ್ಕಿಂತ ಬಲವಾದುದು. ಬೆಲೆ ಏರಿದ ವರ್ಷವನ್ನು ಆಧಾರವಾಗಿಟ್ಟು ದೊಡ್ಡ ಸಾಲ ಮಾಡುವುದು ಸೂಕ್ತವಲ್ಲ.

ರೇಷ್ಮೆ

ಟಿಪ್ಪು ಸುಲ್ತಾನನ ಕಾಲದಿಂದ ಶ್ರೀರಂಗಪಟ್ಟಣದ ಸುತ್ತ ಪರಿಚಿತವಾಗಿರುವ ರೇಷ್ಮೆ ಕೃಷಿಯು ಸುಂಕದ ಪರಿಣಾಮವನ್ನು ನೇರವಾಗಿ ಅನುಭವಿಸಿದೆ. 2011-12ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಮೂಲ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ನೇಕಾರರಿಗೆ ಚೀನಾದ ನೂಲು ಅಗ್ಗವಾಗಿ ದೊರೆಯಿತು. ಆದರೆ ಕರ್ನಾಟಕದ ಗೂಡಿನ ಬೆಲೆ ಕುಸಿದು ಬೆಳೆಗಾರರು ನಷ್ಟ ಅನುಭವಿಸಿದರು. 2013-14ರ ಬಜೆಟ್ಟಿನಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. ಒಂದೇ ಸುಂಕವು ನೇಕಾರನಿಗೆ ಹೊರೆಯೂ ಬೆಳೆಗಾರನಿಗೆ ರಕ್ಷಣೆಯೂ ಆಗಬಲ್ಲದು ಎಂಬುದಕ್ಕೆ ಇದು ನಿದರ್ಶನ. ಹಿಪ್ಪುನೇರಳೆ ಬಹುವಾರ್ಷಿಕ ಬೆಳೆಯಾದ್ದರಿಂದ ಬೆಲೆ ಕುಸಿದಾಗ ತಕ್ಷಣ ಬೆಳೆ ಬದಲಿಸಲಾಗದು. ಹೊಸದಾಗಿ ತೋಟ ಮಾಡುವವರು ಈ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಕಬ್ಬು ಮತ್ತು ಸಕ್ಕರೆ

ಸಕ್ಕರೆಯ ಆಮದು ಸುಂಕವನ್ನು 2018ರ ಫೆಬ್ರವರಿಯಲ್ಲಿ ಶೇ. 50ರಿಂದ ಶೇ. 100ಕ್ಕೆ ಏರಿಸಲಾಗಿದ್ದು, ಹೊರದೇಶದ ಸಕ್ಕರೆಯ ಭಯ ಕಡಿಮೆ. ಆದರೆ 2022ರ ಜೂನ್ 1ರಿಂದ ರಫ್ತಿಗೆ ನಿರ್ಬಂಧವಿದೆ; ಸರ್ಕಾರ ಅನುಮತಿಸಿದ ಪ್ರಮಾಣವನ್ನಷ್ಟೇ ಹೊರಕ್ಕೆ ಕಳುಹಿಸಬಹುದು. ರಫ್ತು ನಿಂತಾಗ ಸಕ್ಕರೆ ದೇಶದೊಳಗೇ ಉಳಿದು ಗ್ರಾಹಕರಿಗೆ ಬೆಲೆ ಹತೋಟಿಯಲ್ಲಿರುತ್ತದೆ, ಕಾರ್ಖಾನೆಯ ಆದಾಯ ಮಾತ್ರ ಹಿಗ್ಗುವುದಿಲ್ಲ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂ.ಗೆ ಏರಿಸಿದ ನಂತರ ಹಲವು ವರ್ಷ ಅದು ಬದಲಾಗಲಿಲ್ಲ. ಅದೇ ಅವಧಿಯಲ್ಲಿ ಕಬ್ಬಿನ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ಕ್ವಿಂಟಲ್‌ಗೆ 275 ರೂ.ನಿಂದ 2025-26ರಲ್ಲಿ 355 ರೂ.ಗೆ ಏರಿತು. ಈ ಇಕ್ಕಟ್ಟಿನ ಒತ್ತಡವು ಬಾಕಿ ಪಾವತಿಯ ರೂಪದಲ್ಲಿ ರೈತನನ್ನು ತಲುಪುವ ಸಂಭವವಿರುತ್ತದೆ.

355 ರೂ. ದರವು ಶೇ. 10.25 ಸಕ್ಕರೆ ಇಳುವರಿಗೆ ಅನ್ವಯಿಸುತ್ತದೆ. ಇಳುವರಿ ಪ್ರತಿ ಶೇ. 0.1 ಏರಿದರೆ 3.46 ರೂ. ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಶೇ. 9.5ಕ್ಕಿಂತ ಕೆಳಗಿದ್ದರೂ 329.05 ರೂ.ಗಿಂತ ಕಡಿಮೆ ನೀಡುವಂತಿಲ್ಲ. ಟನ್ನಿಗೆ ಇದು 3,290.50 ರೂ. ಈ ದರವು ಕಾರ್ಖಾನೆಯ ಬಾಗಿಲಿಗೆ ತಲುಪಿಸಿದ ಕಬ್ಬಿನದು ಎಂಬುದನ್ನು ಮರೆಯಬಾರದು. ಕಟಾವು ಮತ್ತು ಸಾಗಣೆಗೆ ಟನ್ನಿಗೆ 850 ರೂ. ತಗಲುತ್ತದೆಂದು ಇಟ್ಟುಕೊಂಡರೆ ರೈತನಿಗೆ ಉಳಿಯುವುದು 2,440.50 ರೂ. ಕಟಾವು ಕೂಲಿ 100 ರೂ. ಏರಿದರೆ ಅದು 2,340.50 ರೂ.ಗೆ ಇಳಿಯುತ್ತದೆ. ಕೂಲಿ ಏರಿಕೆಯ ಹೊರೆ ಕಾರ್ಖಾನೆಯ ಮೇಲಲ್ಲ, ರೈತನ ಮೇಲೆ ಬೀಳುತ್ತದೆ.

ಸರ್ಕಾರದ ಸಾಲ ರೈತನನ್ನು ತಲುಪುವ ಬಗೆ

2025-26ರ ರಾಜ್ಯ ಬಜೆಟ್ಟಿನ ಗಾತ್ರ ಸುಮಾರು 4.09 ಲಕ್ಷ ಕೋಟಿ ರೂ. ಆ ವರ್ಷ ಸುಮಾರು 1.16 ಲಕ್ಷ ಕೋಟಿ ರೂ. ಸಾಲ ಪಡೆಯಲು ಅಂದಾಜಿಸಲಾಗಿತ್ತು. ವರ್ಷಾಂತ್ಯದ ಒಟ್ಟು ಹೊಣೆಗಾರಿಕೆಯ ಅಂದಾಜು ಸುಮಾರು 7.64 ಲಕ್ಷ ಕೋಟಿ ರೂ., ಅಂದರೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ. 24.91. ರಾಜ್ಯದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಶೇ. 25. ಮಿತಿಗೆ ಇಷ್ಟು ಸಮೀಪವಿದ್ದಾಗ ಹೊಸ ವೆಚ್ಚಕ್ಕೆ ಅವಕಾಶ ಕಿರಿದು.

ಸಾಲವೇ ಕೆಟ್ಟದ್ದೆಂದು ಭಾವಿಸಬೇಕಾಗಿಲ್ಲ. ನಾಲೆಯ ಆಧುನೀಕರಣಕ್ಕೆ ತಂದ ಸಾಲವು ಕೊನೆಯ ಭಾಗದ ಗದ್ದೆಗೂ ನೀರು ತಲುಪಿಸಿದರೆ ಅದರ ಫಲ ದೀರ್ಘಕಾಲ ಉಳಿಯುತ್ತದೆ. ದೈನಂದಿನ ಖರ್ಚಿಗೆ ಬಳಸಿದ ಸಾಲವು ಬಡ್ಡಿಯನ್ನಷ್ಟೇ ಉಳಿಸುತ್ತದೆ. ಸಾಲದ ಹೊರೆ ಹೆಚ್ಚಿದಾಗ ಪರಿಣಾಮ ಕಾಣಿಸಿಕೊಳ್ಳುವ ಮುಖ್ಯ ಕ್ಷೇತ್ರಗಳು ಇವು:

1. ಬಡ್ಡಿ ರಿಯಾಯಿತಿ: ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲದ ಶೂನ್ಯ ಬಡ್ಡಿ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಲಾಯಿತು. ರೈತನು ತೆರದ ಬಡ್ಡಿಯನ್ನು ಸರ್ಕಾರ ತೆರುತ್ತದೆ. ಬಜೆಟ್ ಬಿಗಿಯಾದಾಗ ಈ ಹಣದ ಬಿಡುಗಡೆ ತಡವಾದರೆ ಸಂಘಕ್ಕೆ ಹೊಸ ಸಾಲ ನೀಡುವುದು ಕಷ್ಟವಾಗುತ್ತದೆ.

2. ಬೆಂಬಲ ಬೆಲೆ ಖರೀದಿ: ನಾಗಮಂಗಲದ ಖುಷ್ಕಿ ರೈತರ ರಾಗಿಗೆ ಆಮದಿನ ಪೈಪೋಟಿಯಿಲ್ಲ. ಅದರ ಬೆಲೆಗೆ ಆಸರೆ ಸರ್ಕಾರಿ ಖರೀದಿ. 2025-26ರ ರಾಗಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂ. ಖರೀದಿಯ ಪ್ರಮಾಣ ಮತ್ತು ಪಾವತಿಯ ವೇಗ ಹಣಕಾಸನ್ನು ಅವಲಂಬಿಸಿವೆ.

3. ಕಾರ್ಖಾನೆಗಳು: ಮಂಡ್ಯದ ಮೈಷುಗರ್ 2022ರಲ್ಲಿ ರಾಜ್ಯದ ನೆರವಿನಿಂದ ಮತ್ತೆ ಕಬ್ಬು ಅರೆಯಲಾರಂಭಿಸಿತು. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ನಷ್ಟದ ಕಾರ್ಖಾನೆಗೆ ಬಜೆಟ್ಟಿನ ಹಣ ಅಥವಾ ಖಾಸಗಿ ಗುತ್ತಿಗೆ ಎಂಬ ಎರಡು ದಾರಿಗಳನ್ನೂ ಈ ಜಿಲ್ಲೆ ಕಂಡಿದೆ.

4. ಕೂಲಿ: ಉದ್ಯೋಗ ಖಾತರಿ ಕೂಲಿ ದರ ರಾಜ್ಯದಲ್ಲಿ 2025-26ಕ್ಕೆ ದಿನಕ್ಕೆ 370 ರೂ. ಪಾವತಿ ಸಕಾಲದಲ್ಲಿ ಆದರೆ ಅದು ಊರಿನ ಕೂಲಿಗೆ ತಳಪಾಯವಾಗುತ್ತದೆ. ತಡವಾದರೆ ಕೂಲಿಕಾರರು ಕಡಿಮೆ ದರಕ್ಕೂ ಒಪ್ಪಬೇಕಾಗುತ್ತದೆ.

ವಿದೇಶಗಳ ಸುಂಕವೂ ಕೂಲಿಯನ್ನು ಮುಟ್ಟುತ್ತದೆ. ಅಮೆರಿಕವು 2025ರ ಆಗಸ್ಟ್ 27ರಿಂದ ಭಾರತದ ಹಲವು ಸರಕುಗಳ ಮೇಲೆ ಶೇ. 50 ಸುಂಕ ವಿಧಿಸಿತು. ಸಿದ್ಧ ಉಡುಪು ಕಾರ್ಖಾನೆಗಳಿಗೆ ಬೇಡಿಕೆ ತಗ್ಗಿದರೆ ಅಲ್ಲಿ ದುಡಿಯುವ ಹಳ್ಳಿಯ ಮಹಿಳೆಯರ ವೇತನ ತಗ್ಗುತ್ತದೆ. ಬೇಸಾಯದ ಖರ್ಚಿಗೆ ಆ ವೇತನವನ್ನೇ ನಂಬಿದ ಕುಟುಂಬಗಳು ಇಕ್ಕಟ್ಟಿಗೆ ಸಿಲುಕುತ್ತವೆ.

ರೈತರು ಅನುಸರಿಸಬೇಕಾದ ಕ್ರಮಗಳು

• ಕಬ್ಬು ಪೂರೈಸಿದ ಪ್ರತಿ ತೂಕದ ಚೀಟಿಯನ್ನು ಕಾಪಾಡಿಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನಗಳೊಳಗೆ ಪಾವತಿ ಆಗತಕ್ಕದ್ದು. ತಡವಾದ ಅವಧಿಗೆ ವಾರ್ಷಿಕ ಶೇ. 15 ಬಡ್ಡಿ ಸಲ್ಲಬೇಕು.

• ಬೆಲೆ ಹೋಲಿಸುವಾಗ ಕಟಾವು ಹಾಗೂ ಸಾಗಣೆ ಕಳೆದು ಕೈಗೆ ಉಳಿಯುವ ಮೊತ್ತವನ್ನೇ ಹೋಲಿಸಿ. ಆಲೆಮನೆಗೆ ಕೊಡುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ.

• ಬೆಳೆ ಸಾಲವನ್ನು ಗಡುವಿಗೆ ಮೊದಲೇ ಮರುಪಾವತಿಸಿ. ಒಂದು ದಿನ ತಪ್ಪಿದರೂ ಬಡ್ಡಿ ರಿಯಾಯಿತಿ ಕೈತಪ್ಪುವ ಸಂಭವವಿದೆ.

• ಫ್ರೂಟ್ಸ್ ತಂತ್ರಾಂಶದಲ್ಲಿ ಹೆಸರು ಮತ್ತು ಬೆಳೆ ವಿವರ ಸರಿಯಾಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ರಾಗಿ ಹಾಗೂ ಕೊಬ್ಬರಿಯ ಬೆಂಬಲ ಬೆಲೆ ಖರೀದಿಗೆ ಈ ನೋಂದಣಿ ಅಗತ್ಯ.

• ಇಡೀ ಜಮೀನನ್ನು ಒಂದೇ ಬೆಳೆಗೆ ಮೀಸಲಿಡಬೇಡಿ. ಆಮದಿಗೆ ಸಂಬಂಧವಿರುವ ರೇಷ್ಮೆ ಅಥವಾ ತೆಂಗಿನ ಜೊತೆಗೆ ರಾಗಿ, ದ್ವಿದಳ ಧಾನ್ಯ, ಮೇವು ಹಾಗೂ ಹೈನುಗಾರಿಕೆ ಇದ್ದಲ್ಲಿ ಒಂದು ಸುಂಕದ ಬದಲಾವಣೆಯಿಂದ ಇಡೀ ಆದಾಯ ಕುಸಿಯುವುದಿಲ್ಲ.

• ಫೆಬ್ರವರಿಯ ಕೇಂದ್ರ ಬಜೆಟ್ ಹಾಗೂ ನಂತರದ ರಾಜ್ಯ ಬಜೆಟ್ಟಿನಲ್ಲಿ ತಮ್ಮ ಬೆಳೆಗೆ ಸಂಬಂಧಿಸಿದ ಸುಂಕ, ಖರೀದಿ ಮತ್ತು ಸಾಲದ ಅಂಶಗಳನ್ನು ಗಮನಿಸಿ, ಮುಂಗಾರಿನ ಬೆಳೆ ಯೋಜನೆಯನ್ನು ಅದರಂತೆ ಹೊಂದಿಸಿಕೊಳ್ಳಿ.

ಬೆಳೆ ಆಯ್ಕೆ ಮತ್ತು ವೆಚ್ಚದ ಲೆಕ್ಕಾಚಾರದ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.