ದಾಸವಾಳದ ಗಿಡದೊಳಗಿನ ‘ಚೆಕ್’

ಮಳೆಯ ಅಬ್ಬರ ಇಳಿದು ಮಂಗಳೂರಿನ ಸೆಕೆ ಮತ್ತೆ ಶುರುವಾಗುವ ಹೊತ್ತಿಗೆ ಕದ್ರಿ ಕಡೆಯ ಹಿತ್ತಿಲುಗಳಲ್ಲಿ ಒಂದು ಸದ್ದು ಕೇಳತೊಡಗುತ್ತದೆ. ‘ಚೆಕ್... ಚೆಕ್...’ ಎರಡು ಸಣ್ಣ ಕಲ್ಲುಗಳನ್ನು ಒಂದಕ್ಕೊಂದು ತಟ್ಟಿದ ಹಾಗೆ. ಎಷ್ಟೋ ವರ್ಷ ಅದು ಸಿಂಪಿಗ ಅಂತಲೇ ಅಂದುಕೊಂಡಿದ್ದೆ. ದಾಸವಾಳದ ಗಿಡದೊಳಗೆ ಕಂದು ಬಣ್ಣದ್ದೇನೋ ಸುಳಿದರೆ ಮತ್ತೇನು ಅಂದುಕೊಳ್ಳೋದು ಹೇಳಿ!

ಆದರೆ ಸಿಂಪಿಗನ ನೆತ್ತಿ ಕೆಂಗಂದು, ಬೆನ್ನು ಹಸಿರು, ಬಾಲ ಸದಾ ಮೇಲಕ್ಕೆ. ಇದಕ್ಕೆ ಅದ್ಯಾವುದೂ ಇಲ್ಲ. ಬೆನ್ನು ಮಾಸಲು ಕಂದು, ಹೊಟ್ಟೆ ಮಾಸಲು ಬಿಳಿ, ಕೊಕ್ಕು ಸ್ವಲ್ಪ ಉದ್ದ, ಕಣ್ಣಿನ ಮುಂದೆ ಮಸುಕಾದ ಗಿಡ್ಡ ಹುಬ್ಬು. ಗುರುತೇ ಇಲ್ಲದಿರುವುದು ಇದರ ಗುರುತು! ಸಿಂಪಿಗ ವರ್ಷವಿಡೀ ಇಲ್ಲೇ ಇರುತ್ತದೆ, ಇದು ಏಪ್ರಿಲ್ ದಾಟಿದರೆ ನಾಪತ್ತೆ. ಇದು ಬ್ಲೈತ್ಸ್ ರೀಡ್ ವಾರ್ಬ್ಲರ್. ಕನ್ನಡದಲ್ಲಿ ಈ ಬಳಗಕ್ಕೆ ಉಲಿಯಕ್ಕಿ ಅನ್ನುತ್ತಾರೆ. ಸುಮಾರು 12 ಗ್ರಾಂ ತೂಗುವ ಈ ಜೀವ ಮರಿ ಮಾಡುವುದು ಫಿನ್ಲೆಂಡಿನಿಂದ ಸೈಬೀರಿಯಾದವರೆಗಿನ ನಾಡುಗಳಲ್ಲಿ. ಚಳಿಗಾಲ ಕಳೆಯಲು ನಮ್ಮ ಹಿತ್ತಿಲು ಬೇಕು.

ಯಾರಪ್ಪಾ ಈ ಬ್ಲೈತ್ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು. ಎಡ್ವರ್ಡ್ ಬ್ಲೈತ್ 1841ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಮ್ಮಿಗೆ ಕ್ಯುರೇಟರ್ ಆಗಿ ಬಂದವನು. ದೇಶದ ಮೂಲೆಮೂಲೆಯಿಂದ ಬಂದ ಹಕ್ಕಿಚರ್ಮಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೊಕ್ಕು, ರೆಕ್ಕೆ ಅಳೆದು ಹೆಸರಿಡುವುದು ಅವನ ಕೆಲಸ. ಈ ಹಕ್ಕಿಗೆ 1849ರಲ್ಲಿ ‘ಅಕ್ರೊಸೆಫಾಲಸ್ ಡುಮೆಟೋರಮ್’ ಎಂದು ಹೆಸರಿಟ್ಟ. ‘ಡುಮೆಟೋರಮ್’ ಅಂದರೆ ಪೊದೆಗಳದ್ದು ಅಂತ.

ತಮಾಷೆ ನೋಡಿ. ಇದೇ ಬ್ಲೈತ್ ಭಾರತಕ್ಕೆ ಬರುವ ಮೊದಲು, 1836ರಲ್ಲಿ, ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯ ‘ಸೆಲ್ಬೋರ್ನ್‌ನ ನಿಸರ್ಗ ಚರಿತ್ರೆ’ಯನ್ನು ಸಂಪಾದಿಸಿದ್ದ. ಆ ವೈಟ್, ಒಂದೇ ತರಹ ಕಾಣುವ ‘ವಿಲೋ ರೆನ್’ಗಳು ನಿಜಕ್ಕೂ ಮೂರು ಬೇರೆ ಜಾತಿ ಅಂತ 1768ರಲ್ಲೇ ಬರೆದಿದ್ದ. ಅವನ ಮುಖ್ಯ ಸಾಕ್ಷಿ ಹಾಡು! ವೈಟನ ಕಿವಿಯ ಬಗ್ಗೆ ಅಷ್ಟು ಓದಿದ ಬ್ಲೈತನ ಮೇಜಿನ ಮೇಲೆ ಇದ್ದದ್ದು ಮಾತ್ರ ಉಲಿಯದ ಚರ್ಮಗಳು. ಚರ್ಮ ‘ಚೆಕ್’ ಅನ್ನುವುದಿಲ್ಲವಲ್ಲ.

‘ಉಲಿ’ ಅಂದರೆ ಹಳಗನ್ನಡದಲ್ಲಿ ದನಿಮಾಡು ಅಂತ. ಹೆಸರಿನಲ್ಲೇ ನಮ್ಮ ಭಾಷೆ ದಾರಿ ತೋರಿಸಿದೆ: ಮೊದಲು ಕೇಳು, ಆಮೇಲೆ ನೋಡು. ಮರದ ತುದಿಯಿಂದ ‘ಚಿಸ್ವಿ’ ಅಂತ ಎರಡು ತುಂಡಾದ ದನಿ ಬಂದರೆ ಅದು ಬೇರೆ, ಗ್ರೀನಿಶ್ ವಾರ್ಬ್ಲರ್. ಕೆಳಗಿನ ಪೊದೆಯಿಂದ ‘ಚೆಕ್’ ಬಂದರೆ ನಮ್ಮದು. ಹೊರಡುವ ಮುನ್ನ, ಮಾರ್ಚ್-ಏಪ್ರಿಲ್ ಬೆಳಗುಗಳಲ್ಲಿ, ಒಂದೊಂದು ತುಣುಕನ್ನೂ ಮತ್ತೆ ಮತ್ತೆ ಹೇಳುತ್ತಾ ನಿಧಾನವಾಗಿ ಹಾಡುವುದೂ ಉಂಟು.

ನಮ್ಮ ಪಕ್ಕದ ಖಾಲಿ ಸೈಟಿನ ಪೊದೆಗಳನ್ನು ಹೋದ ವರ್ಷ ಬುಲ್ಡೋಜರ್ ಸವರಿಹಾಕಿತು. ಆ ಕಡೆಯಿಂದ ಈಗ ಸದ್ದಿಲ್ಲ. ಸಿಂಪಿಗ ಅಂತಲೇ ನಂಬಿಕೊಂಡು ಕೂತಿದ್ದರೆ ಏನು ಕಳೆದುಹೋಯಿತು ಅನ್ನುವುದೂ ಗೊತ್ತಾಗುತ್ತಿರಲಿಲ್ಲ. ಹೆಸರು ಕಲಿಯುವುದರ ಉಪಯೋಗ ಇಷ್ಟೇ ಇರಬೇಕು.

ನಮ್ಮ ದಾಸವಾಳ ಇನ್ನೂ ಇದೆ. ಕತ್ತರಿಸಿಲ್ಲ. ನಿಮ್ಮ ಹಿತ್ತಿಲಲ್ಲೂ ‘ಚೆಕ್’ ಕೇಳಿಸಿದರೆ ಬರೆಯಿರಿ ಆಯ್ತಾ?