ಸಿಮೆಂಟ್‌ರಹಿತ ಸೊಂಟದ ಕೀಲು ಬದಲಾವಣೆ: ಮೂಳೆಯು ಕೃತಕ ಕೀಲಿನೊಡನೆ ಬೆಸೆದುಕೊಳ್ಳುವ ಬಗೆ

ಸೊಂಟದ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆಯಲ್ಲಿ ಕೃತಕ ಕೀಲನ್ನು ಮೂಳೆಗೆ ಭದ್ರಪಡಿಸಲು ಎರಡು ವಿಧಾನಗಳು ಬಳಕೆಯಲ್ಲಿವೆ. ಅಕ್ರಿಲಿಕ್ ಜಾತಿಯ ಮೂಳೆ ಸಿಮೆಂಟ್ ಬಳಸುವುದು ಒಂದು. ಇದನ್ನು 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸರ್ ಜಾನ್ ಚಾರ್ನ್ಲಿಯವರು ರೂಢಿಗೆ ತಂದರು. ಸಿಮೆಂಟ್ ಬಳಸದೆ, ರೋಗಿಯ ಮೂಳೆಯೇ ಲೋಹದ ಮೇಲ್ಮೈಗೆ ಬೆಳೆದು ಹಿಡಿದುಕೊಳ್ಳುವಂತೆ ಮಾಡುವುದು ಇನ್ನೊಂದು. ಸಿಮೆಂಟ್ ಇಲ್ಲದಿದ್ದರೆ ಕೀಲು ಹೇಗೆ ನಿಂತೀತು ಎಂಬ ಸಂದೇಹವು ರೋಗಿಗಳಲ್ಲಿಯೂ ಅವರ ಕುಟುಂಬದವರಲ್ಲಿಯೂ ಸಹಜವಾದುದರಿಂದ ಈ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ನೀಡಲಾಗಿದೆ.

ಕೃತಕ ಕೀಲಿನಲ್ಲಿ ತೊಡೆಮೂಳೆಯೊಳಗೆ ಇಳಿಸುವ ದಂಡ, ಅದರ ತುದಿಯ ಗೋಲ, ಸೊಂಟದ ಮೂಳೆಯ ಗುಳಿಯಲ್ಲಿ ಕೂರಿಸುವ ಬಟ್ಟಲು ಮತ್ತು ಬಟ್ಟಲಿನ ಒಳಪದರ ಇರುತ್ತವೆ. ಮೂಳೆ ಬೆಸೆಯಬೇಕಾದುದು ದಂಡ ಹಾಗೂ ಬಟ್ಟಲಿನ ಹೊರಮೈಗೆ ಮಾತ್ರ.

ಶಸ್ತ್ರಚಿಕಿತ್ಸೆಯ ದಿನ ಮೂಳೆಯ ಬೆಸುಗೆ ಇರುವುದಿಲ್ಲ. ಅಂದು ಕೀಲು ನಿಲ್ಲುವುದು ಬಿಗಿಯಿಂದ. ಬಟ್ಟಲಿಗಾಗಿ ಗುಳಿಯನ್ನು ಸಾಮಾನ್ಯವಾಗಿ ಅದರ ಅಳತೆಗಿಂತ 1ರಿಂದ 2 ಮಿಲಿಮೀಟರ್ ಚಿಕ್ಕದಾಗಿ ಕೊರೆದು, ಬಡಿದು ಕೂರಿಸಲಾಗುತ್ತದೆ. ಅಗತ್ಯವಿದ್ದಲ್ಲಿ ತಿರುಪುಗಳನ್ನೂ ಹಾಕಲಾಗುತ್ತದೆ. ದಂಡವು ಕೊಡಲಿಯ ಕಾವಿಗೆ ಹೊಡೆದ ಬೆಣೆಯಂತೆ ತೊಡೆಮೂಳೆಯೊಳಗೆ ಬಿಗಿಯಾಗುತ್ತದೆ.

ತರುವಾಯ ಲೋಹ ಮತ್ತು ಮೂಳೆಯ ನಡುವಿನ ಕಿರಿದಾದ ಸಂದುಗಳಲ್ಲಿ ರಕ್ತ ಹೆಪ್ಪುಗಟ್ಟಿ, ಮಜ್ಜೆಯಿಂದ ಬಂದ ಜೀವಕೋಶಗಳು ಅಲ್ಲಿ ಎಳೆಯ ಮೂಳೆಯನ್ನು ನಿರ್ಮಿಸುತ್ತವೆ. ಲೋಹದ ಹೊರಮೈಯಲ್ಲಿ ಸುಮಾರು 100ರಿಂದ 400 ಮೈಕ್ರಾನ್ ಅಗಲದ ರಂಧ್ರಗಳಿದ್ದಲ್ಲಿ ಮೂಳೆ ಅವುಗಳೊಳಗೆ ಬೆಳೆಯುತ್ತದೆ. ಮೇಲ್ಮೈ ಕೇವಲ ಒರಟಾಗಿದ್ದಲ್ಲಿ ಅದರ ಮೇಲೆ ಹಬ್ಬಿ ಹಿಡಿಯುತ್ತದೆ. ಈ ಕಾರ್ಯವು ಬಹುಮಟ್ಟಿಗೆ ಮೊದಲ 4ರಿಂದ 12 ವಾರಗಳಲ್ಲಿ ನಡೆಯುತ್ತದೆ. ಎಳೆಯ ಮೂಳೆ ಪಕ್ವವಾಗಲು ಒಂದು ವರ್ಷ ಅಥವಾ ಹೆಚ್ಚು ಕಾಲ ಹಿಡಿಯಬಹುದು.

ಈ ಅವಧಿಯಲ್ಲಿ ಅಲುಗಾಟವೇ ಮುಖ್ಯ ಶತ್ರು. ಲೋಹ ಮತ್ತು ಮೂಳೆಯ ನಡುವಣ ಚಲನೆ ಸುಮಾರು 40 ಮೈಕ್ರಾನ್‌ಗಿಂತ ಕಡಿಮೆಯಿದ್ದರೆ ಮೂಳೆ ಬೆಳೆಯುತ್ತದೆ. 150 ಮೈಕ್ರಾನ್ ಮೀರಿದರೆ ಮೂಳೆಯ ಬದಲು ನಾರಿನಂತಹ ಅಂಗಾಂಶ ತುಂಬಿಕೊಳ್ಳುತ್ತದೆ, ಕೀಲು ಸಡಿಲವೇ ಉಳಿಯುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಅಂತರ ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ. ಕೆಲವರಿಗೆ ಮರುದಿನವೇ ಪೂರ್ಣ ಭಾರ ಹಾಕಿ ನಡೆಯಲು ಅನುಮತಿಯಿದ್ದು, ಮೂಳೆಯಲ್ಲಿ ಬಿರುಕು ಬಂದವರಿಗೆ ಅಥವಾ ಬಿಗಿ ಸಾಲದವರಿಗೆ ಹಲವು ವಾರ ಊರುಗೋಲು ಸೂಚಿಸುವುದು ಇದೇ ಕಾರಣದಿಂದ. ಪಕ್ಕದ ಹಾಸಿಗೆಯ ರೋಗಿ ನಡೆದರೆಂದು ತಾವೂ ನಡೆಯತಕ್ಕದ್ದಲ್ಲ.

ಟೈಟಾನಿಯಂ ಲೋಹಕ್ಕೆ ಮೂಳೆ ನೇರವಾಗಿ ಬೆಸೆಯುವುದನ್ನು ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1952ರಲ್ಲಿ ಮೊಲಗಳ ಮೂಳೆಯ ಅಧ್ಯಯನದಲ್ಲಿ ಗಮನಿಸಿದರು. 1965ರಲ್ಲಿ ಇದು ಮೊದಲಿಗೆ ಹಲ್ಲಿನ ಚಿಕಿತ್ಸೆಯಲ್ಲಿ ಪ್ರಯೋಜನಕ್ಕೆ ಬಂತು. ಮೂಳೆಯ ಖನಿಜಾಂಶವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಲೇಪನವುಳ್ಳ ಸೊಂಟದ ಕೀಲನ್ನು 1985ರಲ್ಲಿ ಲಂಡನ್ನಿನ ರೊನಾಲ್ಡ್ ಫರ್ಲಾಂಗ್ ಅವರು ಬಳಕೆಗೆ ತಂದರು.

ಬೆಸೆದ ಮೇಲೂ ಮೂಳೆ ಬದಲಾಗುತ್ತಲೇ ಇರುತ್ತದೆ. ಭಾರ ಬೀಳುವಲ್ಲಿ ಮೂಳೆ ಬಲಿಯುತ್ತದೆ, ಬೀಳದಲ್ಲಿ ಕ್ಷೀಣಿಸುತ್ತದೆ ಎಂದು ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲಿ ನಿರೂಪಿಸಿದ್ದರು. ಟೈಟಾನಿಯಂ ಮಿಶ್ರಲೋಹವು ಗಟ್ಟಿ ಮೂಳೆಗಿಂತ ಐದಾರು ಪಟ್ಟು ಬಿರುಸಾದುದರಿಂದ ಭಾರದ ಪಾಲು ದಂಡಕ್ಕೆ ಹೋಗಿ, ತೊಡೆಮೂಳೆಯ ಮೇಲ್ಭಾಗ ತೆಳುವಾಗುವುದುಂಟು.

ರಕ್ತಪೂರೈಕೆ ನಿಂತು ತೊಡೆಮೂಳೆಯ ತಲೆ ಸವೆಯುವ ರೋಗ, ಬೆನ್ನು-ಸೊಂಟ ಬಿಗಿಯುವ ಸಂಧಿವಾತ ಮುಂತಾದವುಗಳಿಂದ ಚಿಕ್ಕ ವಯಸ್ಸಿನಲ್ಲಿಯೇ ಕೀಲು ಹಾಳಾದವರಿಗೆ ಸಾಮಾನ್ಯವಾಗಿ ಸಿಮೆಂಟ್‌ರಹಿತ ವಿಧಾನವನ್ನು ಆರಿಸಲಾಗುತ್ತದೆ. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಗುರುತಿಸಲಾದ ಹಂದಿಗೋಡು ಕಾಯಿಲೆಯೂ ಸೊಂಟದ ಕೀಲುಗಳನ್ನೇ ಬಾಧಿಸುತ್ತದೆ. ಮೂಳೆ ಟೊಳ್ಳಾದ ವೃದ್ಧರಲ್ಲಿ, ವಿಶೇಷವಾಗಿ ಸೊಂಟ ಮುರಿದವರಲ್ಲಿ, ದಂಡ ಬಡಿಯುವಾಗ ಅಥವಾ ನಂತರ ಮೂಳೆ ಸೀಳುವ ಅಪಾಯ ಹೆಚ್ಚಿರುವುದರಿಂದ ಸಿಮೆಂಟ್ ದಂಡವೇ ಮೇಲು. ಸಿಮೆಂಟ್‌ರಹಿತ ಕೀಲಿಗೆ ಸಾಮಾನ್ಯವಾಗಿ ಬೆಲೆ ಹೆಚ್ಚು. ಆದ ಮಾತ್ರಕ್ಕೆ ಸಿಮೆಂಟ್ ಬಳಸಿದಲ್ಲಿ ಕಡಿಮೆ ದರ್ಜೆಯ ಚಿಕಿತ್ಸೆ ದೊರೆಯಿತೆಂದು ಭಾವಿಸುವುದು ಸರಿಯಲ್ಲ.

ಬೀಡಿ, ಸಿಗರೇಟು ಮೂಳೆಯ ಬೆಳವಣಿಗೆಗೆ ಅಡ್ಡಿಯಾಗುತ್ತವೆ. ಕೆಲವು ನೋವುನಿವಾರಕ ಮಾತ್ರೆಗಳೂ ಹಾಗೆಯೇ. ವೈದ್ಯರು ಬರೆದುಕೊಟ್ಟ ಹೊರತು ಅಂಗಡಿಯಿಂದ ಕೊಂಡು ಸೇವಿಸಬಾರದು. ತಿಂಗಳುಗಳು ಕಳೆದರೂ ಎದ್ದು ಹೆಜ್ಜೆಯಿಡುವಾಗ ತೊಡೆಯಲ್ಲಿ ನೋವು ಬಂದರೆ ಎಕ್ಸ್-ರೇ ಪರೀಕ್ಷೆ ಅವಶ್ಯ. ಬೆಸೆದ ಕೀಲಿನಲ್ಲಿಯೂ ಅಲ್ಪ ನೋವು ಇರಬಹುದಾದರೂ ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ಅಳವಡಿಸಿದ ಪ್ರತಿ ಭಾಗದ ತಯಾರಕರ ಹೆಸರು, ಅಳತೆ ಮತ್ತು ಬ್ಯಾಚ್ ಸಂಖ್ಯೆಯುಳ್ಳ ಚೀಟಿಗಳನ್ನು ಬಿಡುಗಡೆ ಪತ್ರದೊಡನೆ ಕೇಳಿ ಪಡೆದು, ಮೊದಲ ಎಕ್ಸ್-ರೇಯೊಂದಿಗೆ ಜೋಪಾನವಾಗಿಡತಕ್ಕದ್ದು. ಹತ್ತಿಪ್ಪತ್ತು ವರ್ಷಗಳ ತರುವಾಯ ಒಳಪದರ ಮಾತ್ರ ಬದಲಿಸಬೇಕಾದಲ್ಲಿ, ಬೆಸೆದ ಬಟ್ಟಲಿಗೆ ಹೊಂದುವ ಪದರ ಯಾವುದೆಂಬುದು ಆ ಚೀಟಿಯಿಂದ ಕೂಡಲೇ ತಿಳಿಯುತ್ತದೆ.