ನೀರಿನ ಜಾಡು ಹಿಡಿದ ಹಳಿ: ಮಧ್ಯ ಆಸ್ಟ್ರೇಲಿಯಾದ ಸರಕು ಸಾಗಣೆ

ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಆಗಸ್ಟಾ ಬಂದರಿನಿಂದ ಉತ್ತರಕ್ಕೆ ಹಳಿ ಹಾಕುವ ಕೆಲಸ 1878ರಲ್ಲಿ ಆರಂಭವಾಯಿತು. 1884ರಲ್ಲಿ ಮಾರೀ, 1891ರಲ್ಲಿ ಊಡ್ನಡಾಟ ಮುಟ್ಟಿದ ಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ನಿಂತಿತು. ಅಲ್ಲಿಂದ ಮುಂದಕ್ಕೆ ಸಾಮಾನು ಒಯ್ದದ್ದು ಒಂಟೆಗಳು. 1860ರ ದಶಕದಿಂದ ಕರಾಚಿಯ ಕಡೆಯಿಂದ ಹಡಗಿನಲ್ಲಿ ತರಿಸಿದ ಈ ಒಂಟೆಗಳ ಜೊತೆ ಬಲೂಚಿಸ್ತಾನ, ಅಫ್ಘಾನಿಸ್ತಾನ ಮತ್ತು ಅಂದಿನ ವಾಯವ್ಯ ಭಾರತದ ಸವಾರರೂ ಬಂದಿದ್ದರು. ಸ್ಥಳೀಯರು ಅವರನ್ನೆಲ್ಲ ಒಟ್ಟಾಗಿ ಅಫ್ಘಾನರೆಂದೇ ಕರೆದರು. ಕೊನೆಗೆ 1929ರಲ್ಲಿ ಹಳಿ ಆಲಿಸ್ ಸ್ಪ್ರಿಂಗ್ಸ್ ಸೇರಿತು. ಈ ದಾರಿಯ ಗಾಡಿಗೆ ‘ಘಾನ್’ ಎಂಬ ಹೆಸರು ಉಳಿದಿದೆ.

ಹಳಿ ಎಲ್ಲಿ ಹೋಗಬೇಕೆಂಬುದನ್ನು ನಿರ್ಧರಿಸಿದ್ದು ನೀರು. ಉಗಿ ಎಂಜಿನ್ನಿಗೆ ದಾರಿಯುದ್ದಕ್ಕೂ ನೀರು ತುಂಬಿಸುತ್ತಲೇ ಇರಬೇಕು. ಐರ್ ಸರೋವರದ ಪಕ್ಕದಲ್ಲಿ ಅಂತರ್ಜಲ ತಾನಾಗಿ ಉಕ್ಕುವ ಒರತೆಗಳ ಸಾಲಿದೆ. ಅನ್ವೇಷಕ ಜಾನ್ ಮೆಕ್‌ಡೌಲ್ ಸ್ಟುವರ್ಟ್ ನಡೆದದ್ದೂ, 1872ರಲ್ಲಿ ಪೂರ್ಣಗೊಂಡ ಟೆಲಿಗ್ರಾಫ್ ತಂತಿ ಹೋದದ್ದೂ ಆ ಸಾಲನ್ನೇ ಹಿಡಿದು. ರೈಲೂ ಅದನ್ನೇ ಹಿಡಿಯಿತು. ಆದರೆ ಒರತೆಗಳಿರುವ ನೆಲ ತಗ್ಗಿನದು. ವರ್ಷಗಟ್ಟಲೆ ಒಣಗಿರುವ ಫಿಂಕ್‌ನಂಥ ನದಿಗಳು ಒಂದು ಮಳೆಗೆ ಉಕ್ಕಿ ಹಳಿಯನ್ನು ಕೊಚ್ಚಿಕೊಂಡು ಹೋಗುತ್ತಿದ್ದವು. ಕೊಳವೆ ಬಾವಿಯ ನೀರಿನ ಲವಣಗಳು ಬಾಯ್ಲರನ್ನು ಕೆಡಿಸಿದವು, ಮರದ ಸ್ಲೀಪರುಗಳನ್ನು ಗೆದ್ದಲು ತಿಂದವು. ಹಳಿ ಕಿತ್ತುಹೋದಲ್ಲಿ ಸಿಬ್ಬಂದಿಯೇ ದುರಸ್ತಿ ಮಾಡಿಕೊಳ್ಳಲೆಂದು ಗಾಡಿಯಲ್ಲಿ ಸ್ಲೀಪರು, ಸಲಕರಣೆ ಹೇರಿದ ವ್ಯಾಗನ್ ಇರುತ್ತಿತ್ತು. ಗಾಡಿ ಎರಡು ವಾರ ತಡವಾಗಿ ಬಂದದ್ದುಂಟು, ಚಾಲಕ ಕಾಡುಮೇಕೆ ಬೇಟೆಯಾಡಿ ಪ್ರಯಾಣಿಕರಿಗೆ ಉಣಿಸಿದ್ದುಂಟು ಎಂದು ಕಥೆಗಳಿವೆ. ಎಷ್ಟು ನಿಜವೋ, ಆ ಮಾರ್ಗದ ಹೆಸರು ಹೇಗಿತ್ತೆಂಬುದು ಮಾತ್ರ ಅವುಗಳಿಂದ ತಿಳಿಯುತ್ತದೆ.

ಸಾಗಣೆಯ ಸಾಮರ್ಥ್ಯಕ್ಕೆ ಗೇಜ್ ಕೂಡ ಅಡ್ಡಿಯಾಗಿತ್ತು. ಹಳಿಗಳ ನಡುವಿನ ಅಂತರ 1067 ಮಿ.ಮೀ., ಅಂದರೆ ಭಾರತದ ಮೀಟರ್ ಗೇಜಿಗಿಂತ ತುಸುವೇ ಹೆಚ್ಚು. ಹಗುರ ಕಂಬಿ, ಸಣ್ಣ ವ್ಯಾಗನ್; ಮೇಲಾಗಿ ಬೇರೆ ಗೇಜ್ ಎದುರಾದ ನಿಲ್ದಾಣದಲ್ಲಿ ಸರಕನ್ನೆಲ್ಲ ಇಳಿಸಿ ಮತ್ತೆ ಹೇರಬೇಕಿತ್ತು.

ರೈಲು ನಿಂತಲ್ಲಿಂದ ಲಾರಿ ಹೊರಟಿತು. 1934ರಲ್ಲಿ ಇಂಗ್ಲೆಂಡಿನ ಎಇಸಿ ಕಂಪನಿಯ ಎಂಟು ಚಕ್ರದ ಡೀಸೆಲ್ ವಾಹನವೊಂದು ಎರಡು ಟ್ರೇಲರುಗಳೊಂದಿಗೆ ಆಲಿಸ್ ಸ್ಪ್ರಿಂಗ್ಸಿಗೆ ಬಂತು. ಅದು ಹೊರುತ್ತಿದ್ದ ಭಾರ ಸುಮಾರು 15 ಟನ್. ಇಂದಿನ ಲೆಕ್ಕಕ್ಕೆ ಅಲ್ಪ, ಒಂಟೆಗಳ ಲೆಕ್ಕದಲ್ಲಿ ಒಂದು ದೊಡ್ಡ ಸಾಲು. ಎರಡನೇ ಮಹಾಯುದ್ಧದಲ್ಲಿ ಡಾರ್ವಿನ್‌ಗೆ ಸೇನೆಯ ಸಾಮಾನು ಕಳಿಸಬೇಕಾದಾಗ, ಆಲಿಸ್ ಸ್ಪ್ರಿಂಗ್ಸಿಗೂ ಡಾರ್ವಿನ್ ಕಡೆಯಿಂದ ಬಿರ್ಡಮ್‌ವರೆಗೆ ಬಂದಿದ್ದ ಹಳಿಗೂ ನಡುವೆ ಸುಮಾರು ಸಾವಿರ ಕಿಲೋಮೀಟರ್ ಬರಿ ನೆಲವಿತ್ತು. 1940ರಿಂದ ಅಲ್ಲಿ ತರಾತುರಿಯಲ್ಲಿ ರಸ್ತೆ ಮಾಡಿ, ಯುದ್ಧ ಮುಗಿಯುವುದರೊಳಗೆ ಡಾಂಬರೂ ಹಾಕಿದರು. ಇಂದಿನ ಸ್ಟುವರ್ಟ್ ಹೆದ್ದಾರಿಯ ಉತ್ತರ ಭಾಗ ಅದೇ. ಯುದ್ಧಾನಂತರ ಕರ್ಟ್ ಯೋಹಾನ್ಸೆನ್ ಎಂಬ ಸ್ಥಳೀಯ ಮೆಕ್ಯಾನಿಕ್, ಸೇನೆ ಮಾರಿದ ಡೈಮಂಡ್ ಟಿ ಲಾರಿಗೆ ತಾನೇ ರೂಪಿಸಿದ ಟ್ರೇಲರುಗಳನ್ನು ಸಿಕ್ಕಿಸಿ ದನ ಸಾಗಿಸಿದ. ತಿರುವಿನಲ್ಲಿ ಹಿಂದಿನ ಟ್ರೇಲರ್ ಮುಂದಿನದರ ಜಾಡಿನಲ್ಲೇ ಬರುವಂತೆ ಮಾಡಿದ್ದು ಅವನ ಕೈಚಳಕ. ‘ರೋಡ್ ಟ್ರೇನ್’ ಬೆಳೆದದ್ದು ಇಂಥ ಪ್ರಯೋಗಗಳಿಂದ. ಈಗಿನ ಮೂರು ಟ್ರೇಲರಿನ ರೋಡ್ ಟ್ರೇನ್ 53.5 ಮೀಟರ್ ಉದ್ದವಿದ್ದು, ಒಟ್ಟು ತೂಕ 100 ಟನ್ ಮೀರುತ್ತದೆ.

ರೈಲಿಗೆ ಬಿಡುಗಡೆ ಸಿಕ್ಕಿದ್ದು ಡೀಸೆಲ್ ಎಂಜಿನ್ನಿನಿಂದ. 1954ರಲ್ಲಿ ಅದು ಈ ಮಾರ್ಗಕ್ಕೆ ಬಂದೊಡನೆ ಒರತೆಗಳ ಹಂಗು ತಪ್ಪಿತು. ಆದರೂ ಹಳಿಯನ್ನು ಸ್ಥಳಾಂತರಿಸಲು ಇನ್ನೂ ಕಾಲು ಶತಮಾನ ಬೇಕಾಯಿತು. 1980ರಲ್ಲಿ ಟಾರ್ಕೂಲದಿಂದ ಆಲಿಸ್ ಸ್ಪ್ರಿಂಗ್ಸಿಗೆ 831 ಕಿ.ಮೀ. ಹೊಸ ಮಾರ್ಗ ತೆರೆಯಿತು. ಅದು ಪ್ರವಾಹದ ತಗ್ಗಿನಿಂದ ಬಹುದೂರ ಪಶ್ಚಿಮಕ್ಕೆ ಸರಿದಿತ್ತು, 1435 ಮಿ.ಮೀ. ಗೇಜ್, ಗೆದ್ದಲು ಮುಟ್ಟದ ಕಾಂಕ್ರೀಟ್ ಸ್ಲೀಪರ್. ಮರುಭೂಮಿಯಲ್ಲಿ ಬೆಸೆದ ಕಂಬಿಯನ್ನು ಬಿಗಿಯಾಗಿ ಹಿಡಿಯಲೂ ಈ ಭಾರದ ಸ್ಲೀಪರ್ ಬೇಕು: ಒಂದು ಕಿಲೋಮೀಟರ್ ಉಕ್ಕಿನ ಕಂಬಿಯ ಬಿಸಿ 40 ಡಿಗ್ರಿ ಏರಿದರೆ, ತಡೆಯಿಲ್ಲದಿದ್ದಲ್ಲಿ ಅದು ಅರ್ಧ ಮೀಟರಿನಷ್ಟು ಹಿಗ್ಗುತ್ತದೆ. ವಿಚಿತ್ರವೆಂದರೆ ಹೆದ್ದಾರಿಯ ದಕ್ಷಿಣ ಭಾಗಕ್ಕೆ ಪೂರ್ತಿ ಡಾಂಬರು ಬಿದ್ದದ್ದು ಇದಕ್ಕೂ ತಡವಾಗಿ, 1987ರಲ್ಲಿ.

ಉತ್ತರದ ಪ್ರಾಂತ್ಯವನ್ನು ವಹಿಸಿಕೊಂಡಾಗ, 1911ರಲ್ಲಿ, ಒಕ್ಕೂಟ ಸರ್ಕಾರ ಡಾರ್ವಿನ್‌ವರೆಗೂ ರೈಲಿನ ಮಾತು ಕೊಟ್ಟಿತ್ತು. ಆ 1,420 ಕಿ.ಮೀ. ಮುಗಿದದ್ದು 2003ರಲ್ಲಿ, ಮೊದಲ ಗೂಡ್ಸ್ ಗಾಡಿ ಡಾರ್ವಿನ್ ತಲುಪಿದ್ದು 2004ರ ಜನವರಿಯಲ್ಲಿ. ಉಕ್ಕಿನ ಚಕ್ರಕ್ಕೆ ಉಕ್ಕಿನ ಹಳಿ ಒಡ್ಡುವ ತಡೆ ಟೈರಿಗೆ ರಸ್ತೆ ಒಡ್ಡುವುದಕ್ಕಿಂತ ಬಹಳ ಕಡಿಮೆ, ಸುಮಾರು 1.8 ಕಿ.ಮೀ. ಉದ್ದದ ಒಂದು ಗೂಡ್ಸ್ ಗಾಡಿ ಇಪ್ಪತ್ತಕ್ಕೂ ಹೆಚ್ಚು ರೋಡ್ ಟ್ರೇನುಗಳ ಹೊರೆ ಎಳೆಯುತ್ತದೆ. ಅಷ್ಟಿದ್ದರೂ ಅದನ್ನು ನಡೆಸುತ್ತಿದ್ದ ಫ್ರೈಟ್‌ಲಿಂಕ್ ಸಂಸ್ಥೆ ಸಾಲ ತೀರಿಸಲಾಗದೆ 2008ರಲ್ಲಿ ಕೈಚೆಲ್ಲಿತು. ನೂರು ಕೋಟಿ ಡಾಲರ್ ಮೀರಿದ ವೆಚ್ಚದ ಈ ಮಾರ್ಗದ ವ್ಯವಹಾರ 2010ರಲ್ಲಿ 33.4 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಮಾರಾಟವಾಯಿತು. ಜನ ವಿರಳವಾದ ನಾಡಿನಲ್ಲಿ ಎಳೆಯುವ ಶಕ್ತಿಗೆ ತಕ್ಕ ಸರಕು ಹುಟ್ಟುವುದು ಕಷ್ಟ. ಮ್ಯಾಂಗನೀಸ್, ಕಬ್ಬಿಣದ ಅದಿರು ಸೇರಿದ ಮೇಲೂ ಆರಂಭದ ಅಂದಾಜು ಕೈಗೂಡಲಿಲ್ಲ.

ಹೊಸ ಹಳಿಗೂ ನೀರು ತಪ್ಪಲಿಲ್ಲ. 2011ರ ಡಿಸೆಂಬರಿನಲ್ಲಿ ಕ್ಯಾಥರೀನ್ ಬಳಿಯ ಎಡಿತ್ ನದಿ ಉಕ್ಕಿ ಗೂಡ್ಸ್ ಗಾಡಿಯೊಂದು ಹಳಿ ತಪ್ಪಿತು, ತಾಮ್ರದ ಅದಿರು ನೀರುಪಾಲಾಯಿತು. 2022ರ ಜನವರಿಯಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯ ಮಳೆಗೆ ಹಳಿ ಹಲವೆಡೆ ಕೊಚ್ಚಿಹೋಗಿ ಮೂರು ವಾರಕ್ಕೂ ಹೆಚ್ಚು ಕಾಲ ಗಾಡಿಗಳು ನಿಂತವು. ಸ್ಟುವರ್ಟ್ ಹೆದ್ದಾರಿಯೂ ಮುಳುಗಿತ್ತು. ಆದರೆ ಅಲ್ಲಿ ನೀರು ಪೂರ್ತಿ ಇಳಿಯುವ ಮೊದಲೇ ಭಾರೀ ಲಾರಿಗಳನ್ನು ಬಿಟ್ಟರು. ಉಳಿದವು ಕ್ವೀನ್ಸ್‌ಲ್ಯಾಂಡ್ ಸುತ್ತಿ ಡಾರ್ವಿನ್ ಸೇರಿದವು. ಜಲ್ಲಿ ತುಂಬಿ ಹಳಿ ಮತ್ತೆ ಮಟ್ಟ ಮಾಡುವವರೆಗೆ ರೈಲಿಗೆ ಸುತ್ತುದಾರಿ ಇರಲಿಲ್ಲ.